ಉದ್ಯಾನದ ಕೊಳವೂ ಅದರ ಶೋಧಕವೂ

ಮನೆಯಂಗಳದಲ್ಲಿ ಚಿಕ್ಕದೊಂದು ಕೊಳವನ್ನು ಕಟ್ಟಿಸಿ, ಅದರಲ್ಲಿ ಬಣ್ಣಬಣ್ಣದ ಮೀನುಗಳನ್ನು ಸಾಕುವ ಹವ್ಯಾಸ ನಮ್ಮ ಪಟ್ಟಣಗಳಲ್ಲಿ ಈಗ ಅಪರೂಪವೇನಲ್ಲ. ಹೀಗೆ ಕೊಳವನ್ನಿಟ್ಟುಕೊಂಡವರಲ್ಲಿ ಕೆಲವರಿಗೆ ಒಂದು ವಿಚಿತ್ರವಾದ ಅನುಭವವಾಗುವುದುಂಟು. ನೀರನ್ನು ಸೋಸುವ ಶೋಧಕದಲ್ಲಿ, ಎಂದರೆ ಎಲ್ಲರೂ ಫಿಲ್ಟರ್ ಎಂದು ಕರೆಯುವ ಉಪಕರಣದಲ್ಲಿ, ಕಂದುಬಣ್ಣದ ಕೆಸರು ತುಂಬಿರುವುದನ್ನು ಅವರು ಕಾಣುತ್ತಾರೆ. ಒಳಗಿನ ಸ್ಪಂಜು, ಜಲ್ಲಿ ಎಲ್ಲವನ್ನೂ ಹೊರತೆಗೆದು, ನಲ್ಲಿಯ ನೀರಿನಲ್ಲಿ ಹೊಸದರಂತೆ ಕಾಣುವವರೆಗೆ ತಿಕ್ಕಿ ತೊಳೆದು ಮತ್ತೆ ಜೋಡಿಸುತ್ತಾರೆ. ಮರುದಿನ ಕೊಳದ ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ. ಆದರೆ ಮೂರು ನಾಲ್ಕು ದಿನಗಳಲ್ಲಿ ಮೀನುಗಳು ಮಂಕಾಗುತ್ತವೆ. ಹಾಕಿದ ಆಹಾರವನ್ನು ಮುಟ್ಟುವುದಿಲ್ಲ. ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಉಸಿರಿಗಾಗಿ ತೊಳಲುತ್ತವೆ. ಕೆಲವು ಸಾಯುವುದೂ ಉಂಟು. ಕೊಳಕಾದ ಶೋಧಕವಿದ್ದಾಗ ಆರೋಗ್ಯವಾಗಿದ್ದ ಮೀನು, ಶೋಧಕ ಶುಚಿಯಾದ ಮೇಲೆ ಏಕೆ ಸಾಯಬೇಕು?

ಶೋಧಕದಲ್ಲಿ ಕಾಣುವ ಕೊಳೆಯೆಲ್ಲವೂ ಕೊಳೆಯಲ್ಲ ಎಂಬುದೇ ಇದಕ್ಕೆ ಉತ್ತರ. ಅದರ ಒಂದು ಭಾಗ ನಿಜವಾಗಿ ಕಸ, ಅದನ್ನು ತೆಗೆಯಲೇಬೇಕು. ಇನ್ನೊಂದು ಭಾಗ ಸಜೀವವಾದದ್ದು. ಮೀನುಗಳ ಪ್ರಾಣ ಅದನ್ನೇ ಅವಲಂಬಿಸಿದೆ. ಇವೆರಡನ್ನೂ ಬೇರ್ಪಡಿಸಿ ನೋಡುವುದನ್ನು ಕಲಿತವನಿಗೆ ಕೊಳವನ್ನು ಕಾಪಾಡುವುದು ಕಷ್ಟವಲ್ಲ.

ಕೆರೆಗಿಲ್ಲದ ಶೋಧಕ ಕೊಳಕ್ಕೇಕೆ?

ನಮ್ಮ ಊರುಗಳ ಕೆರೆಗಳಲ್ಲಿ ಮೀನುಗಳು ತಲೆಮಾರುಗಳಿಂದ ಬಾಳುತ್ತ ಬಂದಿವೆ. ಅಲ್ಲಿ ಯಾರೂ ಶೋಧಕವನ್ನು ಇಟ್ಟಿಲ್ಲ. ಉದ್ಯಾನದ ಕೊಳಗಳಲ್ಲಿ ಜನ ಬಹುವಾಗಿ ಮೆಚ್ಚುವ ಕೋಯಿ ಮೀನುಗಳ ತವರಾದ ಜಪಾನಿನ ನೀಗಾಟ ಪ್ರಾಂತದಲ್ಲಿಯೂ, ಬೆಟ್ಟದ ಇಳಿಜಾರಿನ ಮಣ್ಣಿನ ಹೊಂಡಗಳಲ್ಲಿ ಮರಿಗಳನ್ನು ಬಿಟ್ಟು ಬೆಳೆಸುತ್ತಾರೆ. ಅಲ್ಲಿಯೂ ಹೊಂಡಕ್ಕೆ ಶೋಧಕವಿಲ್ಲ. ಇಂತಹ ಕಡೆಗಳಲ್ಲಿ ನೀರಿನ ರಾಶಿ ದೊಡ್ಡದು, ಅದಕ್ಕೆ ಹೋಲಿಸಿದರೆ ಮೀನು ಕಡಮೆ. ತಳದಲ್ಲಿ ಮಣ್ಣಿದೆ, ದಡದಲ್ಲಿ ಜಂಬು, ಹುಲ್ಲು ಮೊದಲಾದ ಸಸ್ಯಗಳಿವೆ. ಮೀನುಗಳ ಮಲಿನವಸ್ತುವನ್ನು ಮಣ್ಣು ಅರಗಿಸುತ್ತದೆ, ಸಸ್ಯಗಳು ಹೀರುತ್ತವೆ.

ಉದ್ಯಾನದ ಕೊಳದಲ್ಲಿ ಇವು ಯಾವುವೂ ಸಾಕಷ್ಟಿರುವುದಿಲ್ಲ. ತಳ ಸಿಮೆಂಟಿನದು ಇಲ್ಲವೆ ಪ್ಲಾಸ್ಟಿಕ್ ಹಾಳೆಯದು. ಮೀನುಗಳ ಸಂಖ್ಯೆ ಹೆಚ್ಚು. ಅವುಗಳಿಗೆ ಆಹಾರವನ್ನು ನಾವು ಹೊರಗಿನಿಂದ ತಂದು ಹಾಕುತ್ತೇವೆ. ಆಹಾರ ಪ್ರತಿದಿನವೂ ಒಳಕ್ಕೆ ಹೋಗುತ್ತದೆ, ಆದರೆ ಹೊರಕ್ಕೆ ಹೋಗುವ ದಾರಿಯಿಲ್ಲ. ಕೆರೆಯ ತಳದ ಮಣ್ಣು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಂದು ಪೆಟ್ಟಿಗೆಯೊಳಗಿನ ಸ್ಪಂಜು, ಜಲ್ಲಿಗಳಿಂದ ಮಾಡಿಸಬೇಕಾಗಿದೆ. ಆ ಪೆಟ್ಟಿಗೆಯೇ ಶೋಧಕ.

ಕಣ್ಣಿಗೆ ಕಾಣದ ವಿಷ

ಮೀನಿನ ಆಹಾರದಲ್ಲಿ ಪ್ರೋಟೀನು ಹೇರಳವಾಗಿರುತ್ತದೆ. ಪ್ರೋಟೀನಿನಲ್ಲಿ ಸಾರಜನಕವಿದೆ. ದೇಹ ಬಳಸಿಕೊಳ್ಳದ ಸಾರಜನಕವನ್ನು ನಾವು ಮುಖ್ಯವಾಗಿ ಯೂರಿಯದ ರೂಪದಲ್ಲಿ ಮೂತ್ರದೊಡನೆ ಹೊರಹಾಕುತ್ತೇವೆ. ಮೀನುಗಳಾದರೋ ಅದನ್ನು ಬಹುಮಟ್ಟಿಗೆ ಅಮೋನಿಯದ ರೂಪದಲ್ಲಿ ಕಿವಿರುಗಳ ಮೂಲಕ ನೇರವಾಗಿ ನೀರಿಗೆ ಬಿಡುತ್ತವೆ. ಅಮೋನಿಯ ನೀರಿನಲ್ಲಿ ಕರಗಿಬಿಡುವುದರಿಂದ ಅದಕ್ಕೆ ಬಣ್ಣವಿಲ್ಲ, ಅದರಿಂದ ನೀರು ಕದಡುವುದೂ ಇಲ್ಲ. ತಿಳಿಯಾದ ನೀರು ಸುರಕ್ಷಿತವಾದ ನೀರೆಂದು ನಂಬುವವರು ಮೋಸಹೋಗುವುದು ಇಲ್ಲಿಯೇ.

ಒಂದು ಸಣ್ಣ ಲೆಕ್ಕವನ್ನು ಮಾಡೋಣ. 2.5 ಮೀಟರು ಉದ್ದ, 2 ಮೀಟರು ಅಗಲ, 1 ಮೀಟರು ಆಳದ ಕೊಳದಲ್ಲಿ 5000 ಲೀಟರು ನೀರು ಹಿಡಿಯುತ್ತದೆ. ಅದರಲ್ಲಿ ಒಟ್ಟು 10 ಕಿಲೋಗ್ರಾಂ ತೂಕದ ಮೀನುಗಳಿವೆ ಎಂದೂ, ಅವುಗಳಿಗೆ ದಿನಕ್ಕೆ 100 ಗ್ರಾಂ ಆಹಾರ ಹಾಕುತ್ತೇವೆ ಎಂದೂ ಇಟ್ಟುಕೊಳ್ಳೋಣ. ಆಹಾರದಲ್ಲಿ ನೂರಕ್ಕೆ 35 ಭಾಗ ಪ್ರೋಟೀನಿದ್ದರೆ ಅದರಲ್ಲಿ ಸುಮಾರು 5.6 ಗ್ರಾಂ ಸಾರಜನಕವಿರುತ್ತದೆ. ಸ್ವಲ್ಪ ಭಾಗ ಮೀನಿನ ಮೈಗೆ ಸೇರುತ್ತದೆ, ಸ್ವಲ್ಪ ಭಾಗ ಮಲದಲ್ಲಿ ಹೋಗುತ್ತದೆ. ಉಳಿದ ಸುಮಾರು 3.2 ಗ್ರಾಂ ಅಮೋನಿಯವಾಗಿ ನೀರಿಗೆ ಬರುತ್ತದೆ. ಎಂದರೆ, ಲೀಟರಿಗೆ ದಿನವೊಂದಕ್ಕೆ 0.64 ಮಿಲಿಗ್ರಾಂ.

ಈ ಅಮೋನಿಯ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ವಿದ್ಯುದಂಶವನ್ನು ಹೊತ್ತ ಅಮೋನಿಯಂ ಅಯಾನು ಅಷ್ಟಾಗಿ ಅಪಾಯಕರವಲ್ಲ. ವಿದ್ಯುದಂಶವಿಲ್ಲದ ಅಮೋನಿಯ ಕಿವಿರಿನ ತೆಳುಪೊರೆಯನ್ನು ಸುಲಭವಾಗಿ ದಾಟುತ್ತದೆ, ವಿಷಕರವಾದದ್ದು ಅದೇ. ಯಾವುದು ಎಷ್ಟಿರುತ್ತದೆ ಎಂಬುದನ್ನು ಮುಖ್ಯವಾಗಿ ನೀರಿನ ಪಿಎಚ್ ಬೆಲೆ ನಿರ್ಧರಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ವಿಷರೂಪದ ಪಾಲು ನೂರಕ್ಕೆ ಒಂದು ಭಾಗಕ್ಕಿಂತಲೂ ಕಡಮೆ; ಪಿಎಚ್ 8 ಆದರೆ ನೂರಕ್ಕೆ ಸುಮಾರು 5; ಪಿಎಚ್ 9 ಆದರೆ ನೂರಕ್ಕೆ ಸುಮಾರು 36. ವಿಷರೂಪದ ಅಮೋನಿಯ ಲೀಟರಿಗೆ 0.05 ಮಿಲಿಗ್ರಾಂ ಮೀರಿದರೆ ಮೀನಿನ ಕಿವಿರುಗಳು ಕೆಡತೊಡಗುತ್ತವೆ. ಪಿಎಚ್ 8 ಇರುವ ನಮ್ಮ ಕೊಳದಲ್ಲಿ ಅಮೋನಿಯವನ್ನು ತೆಗೆಯುವವರು ಯಾರೂ ಇಲ್ಲದಿದ್ದರೆ ಎರಡೇ ದಿನಗಳಲ್ಲಿ ಈ ಮಿತಿ ದಾಟುತ್ತದೆ. ಹಸಿರು ಪಾಚಿ ತುಂಬಿದ ಕೊಳದಲ್ಲಿ ಅಪಾಯ ಇನ್ನೂ ಹೆಚ್ಚು. ಹಗಲಿನಲ್ಲಿ ಪಾಚಿ ನೀರಿನ ಇಂಗಾಲಾಮ್ಲವನ್ನು ಹೀರುವುದರಿಂದ ಮಧ್ಯಾಹ್ನದ ಹೊತ್ತಿಗೆ ಪಿಎಚ್ ಏರಿರುತ್ತದೆ.

ಅಮೋನಿಯವನ್ನು ತೆಗೆಯುವ ಆ ಕೆಲಸಗಾರರು ಯಾರು? ಕೊಳಗಳಿಗೆ ಶೋಧಕಗಳು ಬರುವುದಕ್ಕೆ ಬಹಳ ಮುಂಚೆಯೇ, ಚರಂಡಿಯ ನೀರನ್ನು ಶುದ್ಧಿಮಾಡಲು ಹೊರಟವರು ಅವರನ್ನು ಕಂಡುಹಿಡಿದರು.

ಚರಂಡಿಯ ನೀರು ಕಲಿಸಿದ ಪಾಠ

ಫ್ರಾನ್ಸಿನಲ್ಲಿ ಶ್ಲೇಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು 1877ರಲ್ಲಿ ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದರು. ಮರಳು ಮತ್ತು ಸುಣ್ಣಕಲ್ಲಿನ ಪುಡಿಯನ್ನು ತುಂಬಿದ ಉದ್ದವಾದ ಕೊಳವೆಯಲ್ಲಿ ಅವರು ಚರಂಡಿಯ ನೀರನ್ನು ಬಹು ನಿಧಾನವಾಗಿ ಇಳಿಯಬಿಟ್ಟರು. ಮೊದಲ 20 ದಿನಗಳು ಏನೂ ಆಗಲಿಲ್ಲ. ಮೇಲೆ ಹೊಯ್ದ ಅಮೋನಿಯ ಕೆಳಗೆ ಹಾಗೆಯೇ ಬಂದಿತು. ಬಳಿಕ ಅಮೋನಿಯ ಕಡಮೆಯಾಗುತ್ತ ಬಂದು ಅದರ ಬದಲು ನೈಟ್ರೇಟು ಕಾಣಿಸಿಕೊಂಡಿತು. ಇದು ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ಆಗಬೇಕಾಗಿತ್ತು. ಅವರು ಕೊಳವೆಗೆ ಕ್ಲೋರೋಫಾರಂ ಆವಿಯನ್ನು ಹಾಯಿಸಿದಾಗ ನೈಟ್ರೇಟಿನ ಉತ್ಪತ್ತಿ ನಿಂತುಹೋಯಿತು. ಕ್ಲೋರೋಫಾರಮನ್ನು ತೆಗೆದು, ತೋಟದ ಮಣ್ಣನ್ನು ಕದಡಿದ ನೀರನ್ನು ಸ್ವಲ್ಪ ಹಾಕಿದಾಗ ಕೆಲವು ದಿನಗಳ ಮೇಲೆ ಮತ್ತೆ ಆರಂಭವಾಯಿತು. ಮರಳಿನ ಹರಳುಗಳ ಮೇಲೆ ಯಾವುವೋ ಜೀವಿಗಳು ನೆಲೆಸಿ ಈ ಕೆಲಸವನ್ನು ಮಾಡುತ್ತಿವೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದ ಕೀರ್ತಿ 1890ರ ಸುಮಾರಿಗೆ ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿಗೆ ಸಂದಿತು. ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆಂದು ಅವನು ತೋರಿಸಿದನು. ಒಂದು ಜಾತಿಯ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟಾಗಿ ಮಾರ್ಪಡಿಸುತ್ತದೆ. ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುತ್ತದೆ. ನಡುವಣ ವಸ್ತುವಾದ ನೈಟ್ರೈಟೂ ವಿಷವೇ. ಅದು ಕಿವಿರಿನ ಮೂಲಕ ರಕ್ತಕ್ಕೆ ಸೇರಿ, ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಆಮ್ಲಜನಕವಿದ್ದರೂ ಮೀನು ಉಸಿರುಕಟ್ಟಿ ಸಾಯುತ್ತದೆ. ಕೊನೆಯ ವಸ್ತುವಾದ ನೈಟ್ರೇಟು ಮಾತ್ರ ಇವೆರಡಕ್ಕಿಂತ ಬಹಳ ಸೌಮ್ಯವಾದದ್ದು. ಸಸ್ಯಗಳಿಗೆ ಅದು ಗೊಬ್ಬರ.

ಮೂರನೆಯ ಪಾಠ ಇಂಗ್ಲೆಂಡಿನ ಮ್ಯಾಂಚೆಸ್ಟರಿನಿಂದ 1914ರಲ್ಲಿ ಬಂದಿತು. ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಚರಂಡಿಯ ನೀರನ್ನು ಸೀಸೆಗಳಲ್ಲಿ ತುಂಬಿ ಅದರೊಳಗೆ ಗಾಳಿಯನ್ನು ಊದಿದರು. ಅಮೋನಿಯವೆಲ್ಲ ನೈಟ್ರೇಟಾಗಲು ಮೊದಲ ಸಲ ಸುಮಾರು ಐದು ವಾರಗಳು ಬೇಕಾದುವು. ಅವರು ಮೇಲಿನ ತಿಳಿನೀರನ್ನು ಮಾತ್ರ ಬಸಿದು, ತಳದಲ್ಲಿ ಕುಳಿತ ಗಸಿಯನ್ನು ಹಾಗೆಯೇ ಬಿಟ್ಟು, ಅದರ ಮೇಲೆ ಹೊಸದಾಗಿ ಚರಂಡಿಯ ನೀರನ್ನು ಹೊಯ್ದರು. ಹೀಗೆ ಮತ್ತೆ ಮತ್ತೆ ಮಾಡುತ್ತ ಹೋದಂತೆ ಕಾಲಾವಧಿ ಕಡಮೆಯಾಗುತ್ತ ಬಂದು, ಕಡೆಗೆ ಐದು ವಾರಗಳ ಕೆಲಸ ಒಂದೇ ದಿನದಲ್ಲಿ ಮುಗಿಯುವಂತಾಯಿತು. ಎಲ್ಲರೂ ಹೊರಗೆ ಚೆಲ್ಲುತ್ತಿದ್ದ ಗಸಿಯೇ ಕೆಲಸ ಮಾಡುವ ವಸ್ತುವೆಂದು ಈ ಪ್ರಯೋಗ ಸಿದ್ಧಪಡಿಸಿತು. ಈ ಪ್ರಯೋಗಗಳಿಗೆ ಪ್ರೇರಣೆಯನ್ನು ನೀಡಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು ಎಂಬುದು ಕನ್ನಡ ವಾಚಕರು ನೆನೆಯತಕ್ಕ ಸಂಗತಿ.

ಈ ಕಥೆ ಇನ್ನೂ ಮುಗಿದಿಲ್ಲ. ಎರಡು ಹಂತಗಳನ್ನೂ ತಾನೊಂದೇ ನಡೆಸಬಲ್ಲ ಬ್ಯಾಕ್ಟೀರಿಯವಿದೆಯೆಂದು 2015ರಲ್ಲಿ ತಿಳಿದುಬಂದಿತು. ಅದು ನೈಟ್ರೊಸ್ಪೈರ ಎಂಬ ಕುಲಕ್ಕೆ ಸೇರಿದ್ದು. ಆ ವರ್ಷ ಅದನ್ನು ಕಂಡ ಎರಡು ತಂಡಗಳಲ್ಲಿ ಒಂದಕ್ಕೆ ಅದು ದೊರೆತದ್ದು ಮೀನು ಸಾಕುವ ತೊಟ್ಟಿಗಳಿಗೆ ಜೋಡಿಸಿದ್ದ ಶೋಧಕದಿಂದಲೇ!

ಕಸ ಯಾವುದು, ಕೆಲಸಗಾರ ಯಾವುದು?

ಈಗ ಶೋಧಕದ ಒಳಗೆ ನೋಡೋಣ. ಅದು ಯಾವ ಆಕಾರದ್ದಾದರೂ ಅದರಲ್ಲಿ ಎರಡು ಕೆಲಸಗಳು ನಡೆಯುತ್ತವೆ. ಕೊಳದಿಂದ ಬಂದ ನೀರು ಮೊದಲು ಮಡ್ಡಿ ತಂಗುವ ಅರೆಯನ್ನೋ ಸ್ಪಂಜು, ಕುಂಚಗಳನ್ನೋ ಹಾಯುತ್ತದೆ. ಎಲೆಯ ಚೂರು, ಮೀನಿನ ಮಲ, ತಿನ್ನದೆ ಉಳಿದ ಆಹಾರ ಇಲ್ಲಿ ತಡೆಹಿಡಿಯಲ್ಪಡುತ್ತವೆ. ಇದು ಸೋಸುವ ಕೆಲಸ. ಅನಂತರ ನೀರು ಜಲ್ಲಿ, ರಂಧ್ರಮಯವಾದ ಕಲ್ಲು, ಪ್ಲಾಸ್ಟಿಕ್ಕಿನ ಬಿಲ್ಲೆಗಳು ಅಥವಾ ಒರಟು ಸ್ಪಂಜನ್ನು ತುಂಬಿದ ಅರೆಯನ್ನು ಹಾಯ್ದು ಕೊಳಕ್ಕೆ ಹಿಂದಿರುಗುತ್ತದೆ. ಬ್ಯಾಕ್ಟೀರಿಯಗಳ ಬಿಡಾರ ಮುಖ್ಯವಾಗಿ ಇಲ್ಲಿದೆ.

ಈ ಬ್ಯಾಕ್ಟೀರಿಯಗಳು ನೀರಿನಲ್ಲಿ ತೇಲುತ್ತಿರುವುದಕ್ಕಿಂತ ಯಾವುದಾದರೊಂದು ಮೇಲ್ಮೈಗೆ ಅಂಟಿಕೊಂಡು, ಲೋಳೆಯಂತಹ ತೆಳುವಾದ ಪೊರೆಯಾಗಿ ಬೆಳೆಯುವುದೇ ಹೆಚ್ಚು. ಆದುದರಿಂದ ಅವುಗಳಿಗೆ ಬೇಕಾದದ್ದು ಮೇಲ್ಮೈಯ ವಿಸ್ತಾರ. ಒಂದು ಮೀಟರು ಬಾಹುವಿನ ಘನಕ್ಕೆ ಇರುವ ಮೇಲ್ಮೈ 6 ಚದರ ಮೀಟರು. ಅದನ್ನೇ ಒಂದು ಸೆಂಟಿಮೀಟರು ಬಾಹುವಿನ ಚಿಕ್ಕ ಘನಗಳಾಗಿ ಕತ್ತರಿಸಿದರೆ ಹತ್ತು ಲಕ್ಷ ಘನಗಳಾಗಿ, ಒಟ್ಟು ಮೇಲ್ಮೈ 600 ಚದರ ಮೀಟರಾಗುತ್ತದೆ. ಶೋಧಕಕ್ಕೆ ಒಂದು ದೊಡ್ಡ ಬಂಡೆಯ ಬದಲು ಸಣ್ಣ ಜಲ್ಲಿಯನ್ನೂ ಸ್ಪಂಜನ್ನೂ ತುಂಬುವುದರ ಮರ್ಮ ಇದು.

ಹಾಗಾದರೆ ಶೋಧಕವನ್ನು ಎಂದೂ ತೊಳೆಯದೆ ಬಿಟ್ಟುಬಿಡಬಹುದಲ್ಲವೆ ಎಂದು ವಾಚಕರು ಕೇಳಬಹುದು. ಹಾಗೂ ಮಾಡುವಂತಿಲ್ಲ. ಪೊರೆಯೊಳಕ್ಕೆ ಆಮ್ಲಜನಕ ಇಳಿಯುವುದು ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗದಷ್ಟು ಮಾತ್ರ. ಪೊರೆ ಅದಕ್ಕಿಂತ ದಪ್ಪವಾದರೆ ಒಳಗಿನ ಬ್ಯಾಕ್ಟೀರಿಯಗಳಿಗೆ ಉಸಿರಿಲ್ಲ. ಮೇಲಾಗಿ, ಸಂದುಗಳಲ್ಲಿ ತುಂಬಿದ ಮಡ್ಡಿ ಕೊಳೆಯುತ್ತದೆ. ಕೊಳೆಯಿಸುವ ಬೇರೆ ಬ್ಯಾಕ್ಟೀರಿಯಗಳು ಶೀಘ್ರವಾಗಿ ವೃದ್ಧಿಯಾಗಿ, ಇದ್ದ ಆಮ್ಲಜನಕವನ್ನು ತಾವೇ ಬಳಸಿ, ನಮಗೆ ಬೇಕಾದವುಗಳ ಜಾಗವನ್ನು ಆಕ್ರಮಿಸುತ್ತವೆ; ಕೊಳೆತ ಮಡ್ಡಿಯಿಂದ ಹೊಸದಾಗಿ ಅಮೋನಿಯವೂ ಹುಟ್ಟುತ್ತದೆ. ನೀರು ಎಲ್ಲ ಕಡೆಯೂ ಸಮನಾಗಿ ಹರಿಯದೆ, ಸಿಕ್ಕ ಒಂದೆರಡು ಸಂದುಗಳಲ್ಲಿ ನುಗ್ಗಿಹೋಗುತ್ತದೆ. ಆದುದರಿಂದ ಶುಚಿಗೊಳಿಸುವವನ ಕೆಲಸವಿಷ್ಟು: ಸಡಿಲವಾಗಿ ತುಂಬಿಕೊಂಡಿರುವ ಮಡ್ಡಿಯನ್ನು ತೆಗೆಯಬೇಕು, ಅಂಟಿಕೊಂಡಿರುವ ತೆಳುಪೊರೆಯನ್ನು ಉಳಿಸಬೇಕು.

ತೊಳೆಯುವ ಕ್ರಮ

ಮೊಟ್ಟಮೊದಲು ಪಂಪಿನ ವಿದ್ಯುತ್ ಸಂಪರ್ಕವನ್ನು ತಪ್ಪಿಸಬೇಕು. ಗುಂಡಿಯನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ವಿದ್ಯುತ್ತು ಹರಿಯುತ್ತಿರುವಾಗ ಕೊಳದ ನೀರಿನಲ್ಲಿ ಕೈಯಿಡುವುದು ಪ್ರಾಣಕ್ಕೆ ಅಪಾಯ.

ಎರಡು ಬಕೆಟ್ಟುಗಳಲ್ಲಿ ಕೊಳದ ನೀರನ್ನೇ ತುಂಬಿಕೊಳ್ಳಬೇಕು. ಮೊದಲ ಅರೆಯ ತಳದಲ್ಲಿ ಕೊಳಾಯಿಯಿದ್ದರೆ ಅದನ್ನು ತಿರುಗಿಸಿ ಮಡ್ಡಿಯನ್ನು ಹೊರಬಿಡಬೇಕು. ಸ್ಪಂಜನ್ನು ಮೊದಲ ಬಕೆಟ್ಟಿನಲ್ಲಿ ಅದ್ದಿ, ನಾಲ್ಕಾರು ಸಲ ಮೆಲ್ಲಗೆ ಹಿಂಡಿ, ಎರಡನೆಯದರಲ್ಲಿ ಒಮ್ಮೆ ಜಾಲಿಸಬೇಕು. ನೀರು ಸರಾಗವಾಗಿ ಹಾಯುವಂತಾದರೆ ಸಾಕು. ಸ್ಪಂಜು ಕಂದಾಗಿಯೇ ಉಳಿದರೆ ಚಿಂತೆಯಿಲ್ಲ, ಉಳಿಯುವುದೇ ಒಳ್ಳೆಯದು.

ಎರಡನೆಯ ಅರೆಯ ಜಲ್ಲಿ, ಬಿಲ್ಲೆಗಳನ್ನು ಪದೇಪದೇ ಮುಟ್ಟಬಾರದು. ಅವುಗಳಲ್ಲಿ ಮಡ್ಡಿ ಸೇರಿ ಹರಿವು ಕುಗ್ಗಿದಾಗ ಮಾತ್ರ, ಒಂದು ಸಲಕ್ಕೆ ಮೂರನೆಯ ಒಂದು ಭಾಗವನ್ನು ತೆಗೆದು, ಕೊಳದ ನೀರಿನಲ್ಲಿ ಅಲುಗಾಡಿಸಿ ಹಿಂದಕ್ಕೆ ಇಡಬೇಕು. ಉಳಿದುದನ್ನು ಮೂರು ನಾಲ್ಕು ವಾರಗಳ ಮೇಲೆ ನೋಡಿಕೊಳ್ಳಬಹುದು. ಎರಡು ಅರೆಗಳನ್ನೂ ಒಂದೇ ದಿನ ತೊಳೆಯದಿರುವುದು ಉತ್ತಮ. ಹೊರತೆಗೆದ ವಸ್ತುಗಳನ್ನು ಬಿಸಿಲಿನಲ್ಲಿ ಒಣಗಬಿಡಬಾರದು. ಬೆಳಕೂ ಒಣಹವೆಯೂ ಈ ಬ್ಯಾಕ್ಟೀರಿಯಗಳಿಗೆ ಆಗದು. ಶೋಧಕಕ್ಕೆ ಮುಚ್ಚಳವಿರಬೇಕಾದ ಒಂದು ಕಾರಣ ಇದೇ. ಹಿಂಡಿದ ಮಡ್ಡಿಯನ್ನು ಚರಂಡಿಗೆ ಚೆಲ್ಲದೆ ಹೂಗಿಡಗಳ ಬುಡಕ್ಕೆ ಹಾಕಿದರೆ ಅದು ಒಳ್ಳೆಯ ಗೊಬ್ಬರ.

ನಲ್ಲಿಯ ನೀರು ಏಕೆ ಬೇಡ? ಪಟ್ಟಣದ ನೀರಿನಲ್ಲಿ ರೋಗಾಣುಗಳನ್ನು ಕೊಲ್ಲುವುದಕ್ಕಾಗಿ ಕ್ಲೋರೀನು ಇರುತ್ತದೆ. ಮನೆಯ ನಲ್ಲಿಯಲ್ಲಿಯೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆಂಬುದು ಭಾರತದ ಕುಡಿಯುವ ನೀರಿನ ಮಾನಕ. ಕ್ಲೋರೀನಿಗೆ ರೋಗಾಣು ಯಾವುದು, ಉಪಕಾರಿ ಯಾವುದು ಎಂಬ ಭೇದವಿಲ್ಲ. ಸಾಬೂನು, ಬ್ಲೀಚಿಂಗ್ ಪುಡಿ, ಕುದಿಯುವ ನೀರು ಇವುಗಳ ಮಾತನ್ನೇ ಆಡಬೇಕಾಗಿಲ್ಲ. ಪಾಚಿಯನ್ನು ಕೊಲ್ಲಲು ಕೆಲವರು ಹಾಕುವ ಮೈಲುತುತ್ತ ಬ್ಯಾಕ್ಟೀರಿಯಗಳಿಗೂ ಮೀನುಗಳಿಗೂ ಹಾನಿಕರ.

ಎಷ್ಟು ದಿನಗಳಿಗೊಮ್ಮೆ ತೊಳೆಯಬೇಕೆಂಬುದನ್ನು ಪಂಚಾಂಗ ಹೇಳಲಾರದು, ಹರಿವು ಹೇಳುತ್ತದೆ. ಶೋಧಕದಿಂದ ಕೊಳಕ್ಕೆ ಬೀಳುವ ನೀರಿನ ಕೆಳಗೆ ಒಂದು ಬಕೆಟ್ಟನ್ನು ಹಿಡಿದು ಅದು ತುಂಬಲು ಎಷ್ಟು ಸೆಕೆಂಡುಗಳು ಬೇಕೆಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಆ ಕಾಲ ಮೊದಲಿನ ಒಂದೂವರೆಯಷ್ಟಾದಾಗ ಮೊದಲ ಅರೆಯನ್ನು ತೊಳೆಯುವ ಹೊತ್ತು ಬಂದಿದೆ ಎಂದು ತಿಳಿಯಬಹುದು. ಎಲೆ ಉದುರುವ ಕಾಲದಲ್ಲಿಯೂ ಮಳೆಗಾಲದಲ್ಲಿಯೂ ಇದು ಬೇಗ ಬರುತ್ತದೆ.

ಕಾಲ, ಗಾಳಿ ಮತ್ತು ಸುಣ್ಣ

ಇಷ್ಟೊಂದು ಎಚ್ಚರಿಕೆ ಏತಕ್ಕೆಂದರೆ, ಸತ್ತ ಬ್ಯಾಕ್ಟೀರಿಯಗಳ ಸ್ಥಾನವನ್ನು ಹೊಸವು ತುಂಬಲು ಬಹಳ ಕಾಲ ಬೇಕು. ನಮ್ಮ ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಗಳು ಅನುಕೂಲ ಸನ್ನಿವೇಶದಲ್ಲಿ 20 ನಿಮಿಷಗಳಿಗೊಮ್ಮೆ ಇಮ್ಮಡಿಯಾಗಬಲ್ಲವು. ಅಮೋನಿಯವನ್ನು ಉಣ್ಣುವ ಬ್ಯಾಕ್ಟೀರಿಯಗಳಿಗಾದರೋ ಸಾಮಾನ್ಯವಾಗಿ ಒಂದು ದಿನವೋ ಇನ್ನೂ ಹೆಚ್ಚೋ ಬೇಕು. ಅಮೋನಿಯದಿಂದ ದೊರೆಯುವ ಶಕ್ತಿ ಅಲ್ಪ. ಆ ಅಲ್ಪಶಕ್ತಿಯಿಂದಲೇ ಅವು ಇಂಗಾಲಾಮ್ಲವನ್ನು ಒಡೆದು ತಮ್ಮ ಮೈಯನ್ನು ಕಟ್ಟಿಕೊಳ್ಳಬೇಕು. ಹೊಸ ಶೋಧಕ ಪೂರ್ತಿಯಾಗಿ ಪಳಗಲು ನಾಲ್ಕರಿಂದ ಆರು ವಾರಗಳು ಹಿಡಿಯುವುದು ಇದರಿಂದಲೇ. ಹೊಸ ಕೊಳಕ್ಕೆ ಮೊದಲು ಒಂದೆರಡು ಮೀನುಗಳನ್ನು ಮಾತ್ರ ಬಿಡಬೇಕು. ಆರೋಗ್ಯವಾಗಿರುವ ಹಳೆಯ ಕೊಳದ ಶೋಧಕದಿಂದ ಒಂದು ತುಂಡು ಸ್ಪಂಜನ್ನು ತಂದಿಟ್ಟರೆ, ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಸಾಗುತ್ತದೆ.

ಈ ಬ್ಯಾಕ್ಟೀರಿಯಗಳು ಆಮ್ಲಜನಕವನ್ನು ಹೇರಳವಾಗಿ ಬೇಡುತ್ತವೆ. ಅಮೋನಿಯದಲ್ಲಿರುವ 1 ಗ್ರಾಂ ಸಾರಜನಕವನ್ನು ನೈಟ್ರೇಟಾಗಿ ಮಾಡಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು. ನಮ್ಮ ಕೊಳದ 3.2 ಗ್ರಾಮಿಗೆ ದಿನವೊಂದಕ್ಕೆ ಬೇಕಾದದ್ದು ಸುಮಾರು 15 ಗ್ರಾಂ. 30 ಡಿಗ್ರಿ ಉಷ್ಣತೆಯ ನೀರು ಲೀಟರಿಗೆ ಹೆಚ್ಚೆಂದರೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. ಹಾಗಾದರೆ ದಿನಕ್ಕೆ 2000 ಲೀಟರು ನೀರಿನಲ್ಲಿರುವ ಆಮ್ಲಜನಕವೆಲ್ಲ ಶೋಧಕಕ್ಕೇ ಬೇಕಾಯಿತು. ಮೀನುಗಳ ಉಸಿರಾಟ ಬೇರೆ! ಹಿಂದಿರುಗುವ ನೀರನ್ನು ಎತ್ತರದಿಂದ ಹರಡಿ ಬೀಳಿಸುವುದು ಅಲಂಕಾರಕ್ಕಷ್ಟೇ ಅಲ್ಲ. ಗಾಳಿಯಿಂದ ಆಮ್ಲಜನಕ ನೀರಿಗೆ ಸೇರಲೆಂದು.

ವಿದ್ಯುತ್ತು ನಿಂತುಹೋದಾಗ ಶೋಧಕಕ್ಕೆ ಗಂಡಾಂತರ ಬರುವುದೂ ಇದರಿಂದಲೇ. ಮುಚ್ಚಿದ ಪೆಟ್ಟಿಗೆಯಲ್ಲಿ ನಿಂತ ನೀರಿನ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಮುಗಿದುಹೋಗಿ ಒಳಗಿನ ಮಡ್ಡಿ ಕೊಳೆಯತೊಡಗುತ್ತದೆ. ಬಹಳ ಹೊತ್ತಿನ ಮೇಲೆ ವಿದ್ಯುತ್ತು ಬಂದಾಗ ಪಂಪನ್ನು ಒಡನೆಯೇ ನಡೆಸಿದರೆ ಆ ಕೆಟ್ಟ ನೀರೆಲ್ಲ ಕೊಳಕ್ಕೆ ಬೀಳುತ್ತದೆ. ಮೊದಲು ಆ ನೀರನ್ನು ಹೊರಕ್ಕೆ ಬಸಿದು, ಸ್ಪಂಜನ್ನು ಕೊಳದ ನೀರಿನಲ್ಲಿ ಜಾಲಿಸಿ, ಬಳಿಕ ಪಂಪನ್ನು ನಡೆಸಬೇಕು. ರಾತ್ರಿಯ ಹೊತ್ತು ಪಂಪನ್ನು ನಿಲ್ಲಿಸಿ ವಿದ್ಯುತ್ತನ್ನು ಉಳಿಸಲು ಹೋಗುವುದು ದೊಡ್ಡ ತಪ್ಪು. ರಾತ್ರಿ ಸಸ್ಯಗಳೂ ಆಮ್ಲಜನಕವನ್ನು ಬಳಸುವುದರಿಂದ ಬೆಳಗಿನ ಜಾವದಲ್ಲಿ ಅದು ತೀರ ಕಡಮೆಯಾಗಿರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಅಮೋನಿಯ ನೈಟ್ರೇಟಾಗುವಾಗ ಆಮ್ಲ ಹುಟ್ಟುತ್ತದೆ. 1 ಗ್ರಾಂ ಸಾರಜನಕಕ್ಕೆ ಸುಮಾರು 7 ಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರ ವೆಚ್ಚವಾಗುತ್ತದೆ. ನಮ್ಮ ಕೊಳದಲ್ಲಿ ದಿನಕ್ಕೆ ಸುಮಾರು 23 ಗ್ರಾಂ. ಕೊಳವೆಬಾವಿಯ ಗಡಸು ನೀರಿದ್ದರೆ ಇದು ಅಷ್ಟಾಗಿ ತಿಳಿಯದು. ಮಳೆನೀರನ್ನು ತುಂಬಿದ ಕೊಳದಲ್ಲಿ ಮಾತ್ರ ಕ್ಷಾರ ಬೇಗ ಮುಗಿದು, ಪಿಎಚ್ ಕುಸಿದು, ಬ್ಯಾಕ್ಟೀರಿಯಗಳ ಕೆಲಸ ಕುಂಠಿತವಾಗುತ್ತದೆ. ಶೋಧಕದಲ್ಲಿ ಒಂದು ಚೀಲ ಕಪ್ಪೆಚಿಪ್ಪನ್ನು ಇಟ್ಟರೆ ಅದು ಮೆಲ್ಲಮೆಲ್ಲಗೆ ಕರಗಿ ಈ ಕೊರತೆಯನ್ನು ತುಂಬಲು ನೆರವಾಗುತ್ತದೆ. ಶೇಖರವಾಗುವ ನೈಟ್ರೇಟನ್ನು ತಗ್ಗಿಸಲು ವಾರಕ್ಕೊಮ್ಮೆ ಕೊಳದ ಹತ್ತನೆಯ ಒಂದು ಭಾಗದಷ್ಟು ನೀರನ್ನು ಬದಲಾಯಿಸಬೇಕು. ಹೊಸ ನೀರನ್ನು ಒಂದೆರಡು ದಿನ ಬಿಸಿಲಿನಲ್ಲಿ ತೆರೆದಿಟ್ಟು, ಇಲ್ಲವೆ ಹೈಪೊ ಎಂದು ಹೆಸರಾದ ಸೋಡಿಯಂ ಥಯೊಸಲ್ಫೇಟನ್ನು ಹಾಕಿ, ಕ್ಲೋರೀನನ್ನು ಕಳೆದ ಮೇಲೆಯೇ ಸೇರಿಸಬೇಕು.

ಕೈತಪ್ಪಿದಾಗ

ಶೋಧಕವನ್ನು ಅತಿಯಾಗಿ ತೊಳೆದದ್ದಾಯಿತು ಎಂದುಕೊಳ್ಳೋಣ. ಆಗ ಮೊದಲು ಮಾಡಬೇಕಾದದ್ದು ಆಹಾರವನ್ನು ನಿಲ್ಲಿಸುವುದು. ಆರೋಗ್ಯವಾದ ದೊಡ್ಡ ಮೀನುಗಳು ಕೆಲವು ದಿನಗಳ ಉಪವಾಸವನ್ನು ಸುಲಭವಾಗಿ ತಾಳಿಕೊಳ್ಳುತ್ತವೆ. ಆಹಾರವಿಲ್ಲದಿದ್ದರೆ ಅಮೋನಿಯವೂ ಬಹಳ ಕಡಮೆಯಾಗುತ್ತದೆ. ಪ್ರತಿದಿನವೂ ಅಮೋನಿಯ ಮತ್ತು ನೈಟ್ರೈಟುಗಳನ್ನು ಪರೀಕ್ಷಿಸಬೇಕು. ಇದಕ್ಕೆ ಬೇಕಾದ ದ್ರಾವಣಗಳು ಮೀನಿನ ಅಂಗಡಿಗಳಲ್ಲಿ ದೊರೆಯುತ್ತವೆ. ಅವು ಏರಿದರೆ ಕ್ಲೋರೀನು ಕಳೆದ ನೀರಿನಿಂದ ಕೊಳದ ಕಾಲುಭಾಗವನ್ನು ಬದಲಾಯಿಸಬೇಕು, ಗಾಳಿಯನ್ನು ಹೆಚ್ಚಿಸಬೇಕು. ನೈಟ್ರೈಟು ಕಂಡುಬಂದರೆ 1000 ಲೀಟರಿಗೆ 1 ಕಿಲೋಗ್ರಾಂ ಮೀರದಂತೆ ಕಲ್ಲುಪ್ಪನ್ನು ಕರಗಿಸಿ ಹಾಕುವುದರಿಂದ ಅನುಕೂಲವುಂಟು. ಉಪ್ಪಿನ ಕ್ಲೋರೈಡು ಕಿವಿರಿನ ಬಾಗಿಲಲ್ಲಿ ನೈಟ್ರೈಟಿಗೆ ಪೈಪೋಟಿಯಾಗಿ ನಿಂತು, ಅದು ರಕ್ತಕ್ಕೆ ಸೇರದಂತೆ ಬಹುಮಟ್ಟಿಗೆ ತಡೆಯುತ್ತದೆ.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ಶ್ಲೇಸಿಂಗ್ ಮತ್ತು ಮ್ಯೂಂಟ್ಸರ ಪ್ರಯೋಗವನ್ನು ನಮ್ಮ ವಿದ್ಯಾರ್ಥಿಗಳು ಶಾಲೆಯಲ್ಲಿಯೇ ಸುಲಭವಾಗಿ ಮಾಡಿ ನೋಡಬಹುದು. ಕ್ಲೋರೋಫಾರಂ ಬೇಡ, ಬಿಸಿನೀರು ಸಾಕು. 1 ಗ್ರಾಂ ಅಮೋನಿಯಂ ಕ್ಲೋರೈಡನ್ನು 1 ಲೀಟರು ನೀರಿನಲ್ಲಿ ಕರಗಿಸಿ ದ್ರಾವಣವನ್ನು ಸಿದ್ಧಪಡಿಸಿಕೊಳ್ಳಿ. ಎರಡು ಬಕೆಟ್ಟುಗಳಲ್ಲಿ ಕ್ಲೋರೀನು ಕಳೆದ ನೀರನ್ನು ಐದೈದು ಲೀಟರು ತೆಗೆದುಕೊಂಡು, ಪ್ರತಿಯೊಂದಕ್ಕೂ ಈ ದ್ರಾವಣದ 40 ಮಿಲಿಲೀಟರು ಹಾಕಿದರೆ, ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯ ಸಾರಜನಕವಾಗುತ್ತದೆ. ಕೊಳದ ಶೋಧಕದಿಂದ ತಂದು ಜಾಲಿಸಿದ ಸ್ಪಂಜನ್ನು ಎರಡು ಸಮಭಾಗ ಮಾಡಿ, ಒಂದನ್ನು ಹಾಗೆಯೇ ಒಂದು ಬಕೆಟ್ಟಿನಲ್ಲಿಡಿ. ಇನ್ನೊಂದನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಎರಡನೆಯ ಬಕೆಟ್ಟಿನಲ್ಲಿಡಿ. ಎರಡಕ್ಕೂ ಸಣ್ಣ ಪಂಪಿನಿಂದ ಗಾಳಿಯನ್ನು ಊದುತ್ತ, ಪ್ರತಿದಿನ ಒಂದೇ ವೇಳೆಯಲ್ಲಿ ಅಮೋನಿಯವನ್ನು ಪರೀಕ್ಷಿಸಿ ಬರೆದಿಡಿ. ಇವುಗಳಲ್ಲಿ ಮೀನನ್ನು ಬಿಡಬಾರದು.

ಕೆಲವೇ ದಿನಗಳಲ್ಲಿ ಮೊದಲ ಬಕೆಟ್ಟಿನಲ್ಲಿ ಅಮೋನಿಯ ಇಳಿಯುತ್ತ ಹೋಗುವುದನ್ನೂ ಎರಡನೆಯದರಲ್ಲಿ ಅದು ಇಳಿಯದೆ ನಿಲ್ಲುವುದನ್ನೂ ಕಾಣಬಹುದು. ಎರಡು ಬಕೆಟ್ಟುಗಳ ನೀರೂ ನೋಡಲು ಒಂದೇ ಬಗೆಯಾಗಿ ತಿಳಿಯಾಗಿರುತ್ತದೆ. ಒಂದರಲ್ಲಿ ಮೀನು ಬಾಳಬಲ್ಲದು, ಇನ್ನೊಂದರಲ್ಲಿ ಬಾಳಲಾರದು. ಈ ವ್ಯತ್ಯಾಸವನ್ನು ತಂದದ್ದು ಒಂದು ತುಂಡು ಸ್ಪಂಜಿನ ಮೇಲಿನ ಕಂದುಬಣ್ಣದ ಲೋಳೆ.